ಸರ್ಕಾರಿ ಬ್ಯಾಂಕೋ, ಖಾಸಗಿ ಬ್ಯಾಂಕೋ?

ಉಣಕಲ್ ಹುಡುಗ: ಕೈಯಲ್ಲಿ ಎರಡು ಆಫರ್ ಇವೆ. ಒಂದು ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಕೆಲಸ. ಇನ್ನೊಂದು ಖಾಸಗಿ ಬ್ಯಾಂಕಿನಲ್ಲಿ ಆಫೀಸರ್, ತಿಂಗಳಿಗೆ ಏಳು ಸಾವಿರ ಜಾಸ್ತಿ. ಸೌಲಭ್ಯ, ಒಳಗಿನ ವಾತಾವರಣ ಗೊತ್ತಿದ್ದವರು ಹೇಳಿ.

ರಿಟೈರ್ಡ್ ಮ್ಯಾನೇಜರ್: ಕಣ್ಣು ಮುಚ್ಚಿ ಸರ್ಕಾರಿ ಬ್ಯಾಂಕ್ ಸೇರು ತಮ್ಮಾ. ಮನೆ ಸಾಲಕ್ಕೆ ಕಡಿಮೆ ದರದ ಸರಳ ಬಡ್ಡಿ. ಮೊದಲು ಅಸಲು ತೀರುತ್ತದೆ, ಆಮೇಲೆ ಬಡ್ಡಿ. ಪಿಂಚಣಿಯೂ ಬರುತ್ತದೆ. ನವನಗರದಲ್ಲಿ ನನ್ನ ಮನೆ ಎದ್ದದ್ದು ಹಾಗೇ.

ಟಾರ್ಗೆಟ್ ತಲೆನೋವು: "ಪಿಂಚಣಿಯೂ ಬರುತ್ತದೆ" ಅಂತೆ! ಸರ್, 2010ರ ಏಪ್ರಿಲ್ 1ರಿಂದ ಸೇರಿದವರಿಗೆ ನಿಮ್ಮ ಪಿಂಚಣಿ ಇಲ್ಲ, ಎನ್‌ಪಿಎಸ್. ಕಟ್ಟಿದ ದುಡ್ಡು ಮಾರುಕಟ್ಟೆಯಲ್ಲಿ ಬೆಳೆದಷ್ಟೇ. ಹುಡುಗನಿಗೆ ಹಳೇ ಕಥೆ ಹೇಳಬೇಡಿ.

ರಿಟೈರ್ಡ್ ಮ್ಯಾನೇಜರ್: ಆ ಎನ್‌ಪಿಎಸ್‌ಗೆ ಬ್ಯಾಂಕ್ 14% ಹಾಕುತ್ತದೆ. ನಿಮ್ಮ ಖಾಸಗಿಯವರು ಪಿಎಫ್‌ಗೆ ಹಾಕುವುದು 12. ಲೆಕ್ಕ ನನಗೆ ಕಲಿಸಬೇಡಿ.

ಟಾರ್ಗೆಟ್ ತಲೆನೋವು: ಲೆಕ್ಕ ಅಂದ್ರಲ್ಲ, ಕಡಿಮೆ ಬಡ್ಡಿಯಿಂದ ಆಗುವ ಲಾಭಕ್ಕೂ ತೆರಿಗೆ ಇದೆ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದನ್ನೂ ಬರೆಯಿರಿ.

ನವಲಗುಂದ ರೂಟ್: ನಾನು ಎರಡು ವರ್ಷ ಒಂದು ಫೈನಾನ್ಸ್ ಕಂಪನಿಯಲ್ಲಿದ್ದೆ. ಬೆಳಿಗ್ಗೆ 8ಕ್ಕೇ ವಾಟ್ಸಾಪ್ ಗ್ರೂಪಿಗೆ ಲೈವ್ ಲೊಕೇಶನ್ ಹಾಕಬೇಕು. ಒಮ್ಮೆ ಅಣ್ಣಿಗೇರಿ ಹತ್ತಿರ ಮಳೆ, ಎರಿ ಮಣ್ಣು ಗಾಲಿಗೆ ಮೆತ್ತಿ ಬೈಕ್ ಅಲ್ಲಾಡಲಿಲ್ಲ. ಕಡ್ಡಿ ಹಿಡಿದು ಮಣ್ಣು ಕೆರೆಯುತ್ತಿದ್ದೆ, ಫೋನ್ ಬಂತು: "ಇಪ್ಪತ್ತು ನಿಮಿಷದಿಂದ ಚುಕ್ಕಿ ಅಲ್ಲೇ ಇದೆ, ಮಲಗಿದ್ದೀಯಾ?" ಆ ಏಳು ಸಾವಿರದಲ್ಲಿ ಮೂರು ಪೆಟ್ರೋಲಿಗೇ ಹೋಗುತ್ತದೆ ತಮ್ಮಾ.

ಸಪ್ತಾಪುರ ಸಾಹೇಬ: ಫೈನಾನ್ಸ್ ಬೇರೆ, ಬ್ಯಾಂಕ್ ಬೇರೆ. ಸರ್ಕಾರಿಯಲ್ಲೂ ನೆಮ್ಮದಿ ಇಲ್ಲ. ನಮ್ಮ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ಕ್ಕೆ ವಿಲೀನ ಆಯಿತು. ಹೆಡ್ ಆಫೀಸ್ ಧಾರವಾಡ ಬಿಟ್ಟು ಬಳ್ಳಾರಿಗೆ ಹೋಯಿತು. ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಹುಬ್ಬಳ್ಳಿ-ಧಾರವಾಡದವರಿಗೆ ಎಂಥ ಅನ್ಯಾಯ!

ಗದಗ ಜಂಕ್ಷನ್: "ಬಳ್ಳಾರಿಗೆ ಹೋಯಿತು" ಅಂದರೆ? ಬಳ್ಳಾರಿ ಏನು ಪರದೇಶವಾ? ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಬಂತು.

ಸಪ್ತಾಪುರ ಸಾಹೇಬ: ರೈಲಿನ ಟೈಮ್‌ಟೇಬಲ್ ಯಾರೂ ಕೇಳಲಿಲ್ಲ. ವಿಕಾಸಕ್ಕೂ ಮುಂಚಿನ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಕಾಲದಿಂದ ಅದು ಧಾರವಾಡದ್ದು.

ದುರ್ಗದಬೈಲ್ ಗಿರ್ಮಿಟ್: ಒಂದು ನಿಮಿಷ. ಆಫೀಸ್ ಇದ್ದಾಗ "ಧಾರವಾಡದ್ದು". ಹೋದ ಮೇಲೆ "ಹುಬ್ಬಳ್ಳಿ-ಧಾರವಾಡದವರಿಗೆ ಅನ್ಯಾಯ". ಅಳುವುದಕ್ಕೆ ಮಾತ್ರ ನಾವು ಹುಬ್ಬಳ್ಳಿಯವರು ಬೇಕಾ?

ಸಪ್ತಾಪುರ ಸಾಹೇಬ: ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದಾಗ "ನಮಗೂ ಬಂತು" ಅಂತ ಪೇಡೆ ಹಂಚಿದವರು ನೀವೇ ಅಲ್ವಾ? ಆ ಪೇಡೆಯೂ ನಮ್ಮ ಊರಿನದೇ.

ದುರ್ಗದಬೈಲ್ ಗಿರ್ಮಿಟ್: ನೈಋತ್ಯ ರೈಲ್ವೆಯ ಹೆಡ್ ಆಫೀಸ್ ಎಲ್ಲಿದೆ ಹೇಳಿ ನೋಡೋಣ. ಅದಕ್ಕೆ "ಹುಬ್ಬಳ್ಳಿ-ಧಾರವಾಡ" ಅಂತ ನಾವು ಯಾವತ್ತಾದರೂ ಅಂದೆವಾ?

ಗದಗ ಜಂಕ್ಷನ್: ನಾನು ರೈಲು ತಂದರೆ ಟೈಮ್‌ಟೇಬಲ್, ಇವರು ತಂದರೆ ಅಭಿಮಾನ. ಚೆನ್ನಾಗಿದೆ.

ರಿಟೈರ್ಡ್ ಮ್ಯಾನೇಜರ್: ಅದಿರಲಿ, 14% ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಬ್ಯಾಡಗಿ ಅಕ್ಕ: ನಿಮ್ಮ ಜಗಳದಲ್ಲಿ ಹುಡುಗ ಕಳೆದೇ ಹೋದ. ನಾನು ಸರ್ಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಮೆಣಸಿನಕಾಯಿ ಸೀಸನ್ನಿನಲ್ಲಿ ನೋಟು ಎಣಿಸಿ ಮರೆತು ಕಣ್ಣಿಗೆ ಕೈ ಹಚ್ಚಿದರೆ ಮುಗೀತು, ಸಂಜೆವರೆಗೂ ಉರಿ. ವಾರಕ್ಕೆ ಐದು ದಿನದ ಕೆಲಸ ಎಲ್‌ಐಸಿಯವರಿಗೆ 2021ರಲ್ಲೇ ಸಿಕ್ಕಿತು. ನಮ್ಮ ಒಕ್ಕೂಟಗಳು 2024ರ ಮಾರ್ಚ್ 8ಕ್ಕೆ ಒಪ್ಪಂದ ಮಾಡಿಕೊಂಡವು, ಸರ್ಕಾರ ಹೂಂ ಅನ್ನಬೇಕು ಅಂತ ಕೂತೆವು. ಆದರೆ ಹೆರಿಗೆ ರಜೆ ಕೇಳಿದಾಗ ಯಾರೂ ಮುಖ ಗಂಟು ಹಾಕಲಿಲ್ಲ. ಅದು ದೊಡ್ಡದು.

ಟಾರ್ಗೆಟ್ ತಲೆನೋವು: ಹೆರಿಗೆ ರಜೆ 26 ವಾರ ಕಾನೂನಿನಲ್ಲೇ ಇದೆ ಅಕ್ಕಾ, ಖಾಸಗಿಗೂ ಅನ್ವಯ. ಇದರಲ್ಲೇನು ದೊಡ್ಡದು?

ಬ್ಯಾಡಗಿ ಅಕ್ಕ: ಕಾನೂನು ಇದೆ ತಮ್ಮಾ. ಮಾರ್ಚ್ ತಿಂಗಳಲ್ಲಿ ನಿನ್ನ ಬಾಸ್ ಹತ್ತಿರ ಒಂದು ದಿನದ ಸಿಕ್ ಲೀವ್ ಕೇಳಿ ಬಾ, ಆಮೇಲೆ ಮಾತಾಡೋಣ.

ಟಾರ್ಗೆಟ್ ತಲೆನೋವು: ನನ್ನ ಬಾಸ್ ವಿಷಯ ಇಲ್ಲಿ ಬೇಡ.

ಉಣಕಲ್ ಹುಡುಗ: ಸೋಮವಾರದೊಳಗೆ ಉತ್ತರ ಕೊಡಬೇಕು. ಕ್ಲರ್ಕ್ ಕೆಲಸಕ್ಕೆ ಸೇರಿದರೆ ಮೊದಲ ಪೋಸ್ಟಿಂಗ್ ಎಲ್ಲಿ ಕೊಡಬಹುದು?

ದುರ್ಗದಬೈಲ್ ಗಿರ್ಮಿಟ್: ಎಲ್ಲಿ ಕೊಟ್ಟರೂ ಹೋಗು. ಸಪ್ತಾಪುರ ಬ್ರಾಂಚ್ ಮಾತ್ರ ಬೇಡ ಅನ್ನು.