ಸಹಾಯ ಬೇಕು: ಕ್ಯಾಲ್ಗರಿಯ ಜೇಡಿಮಣ್ಣಿನಲ್ಲಿ ಲಾನ್ ಬೆಳೆಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೆನಡಾದ ಕ್ಯಾಲ್ಗರಿ, ಎಡ್ಮಂಟನ್ ಕಡೆ ಮನೆ ಮುಂದೆ ಚೆನ್ನಾಗಿ ಹುಲ್ಲು ಬೆಳೆಸಿದವರು ಇದ್ದರೆ ದಯವಿಟ್ಟು ಸಲಹೆ ಕೊಡಿ.

ನಮ್ಮದು ಹೊಸ ಬಡಾವಣೆ. ಮೇಲೆ ನಾಲ್ಕು ಬೆರಳಷ್ಟು ಕಪ್ಪು ಮಣ್ಣು, ಕೆಳಗೆಲ್ಲ ಗಟ್ಟಿ ಜೇಡಿ. ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧಕ್ಕೇ ನಿಲ್ಲುತ್ತದೆ. ಮಳೆ ಬಂದರೆ ನೀರು ಇಂಗುವುದಿಲ್ಲ, ಬಿಸಿಲಿಗೆ ಬಿರುಕು ಬಿಡುತ್ತದೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 7.8 ಬಂದಿದೆ, ಅಂದರೆ ಕ್ಷಾರದ ಮಣ್ಣು. ಹಾಗಾಗಿ ಸುಣ್ಣ ಹಾಕುವ ಮಾತೇ ಇಲ್ಲ, ಅದು ಹುಳಿ ಮಣ್ಣಿಗೆ. ಜಿಪ್ಸಂ ಕೆಲಸ ಮಾಡೋದು ಸೋಡಿಯಂ ಜಾಸ್ತಿ ಇರುವ ಜೇಡಿಗೆ; ನಮ್ಮಲ್ಲಿ ಅದು ಜಾಸ್ತಿ ಇಲ್ಲ, ಅಂದ ಮೇಲೆ ಜಿಪ್ಸಂ ಹಾಕಿ ಏನು ಪ್ರಯೋಜನ ಅಲ್ವಾ?

ಚಳಿಗಾಲದ ಮಧ್ಯೆ ಚಿನೂಕ್ ಅನ್ನೋ ಬೆಚ್ಚನೆಯ ಒಣ ಗಾಳಿ ಬೀಸಿ ಹಿಮ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಏಪ್ರಿಲ್‌ನಲ್ಲಿ ನೋಡಿದರೆ ಹುಲ್ಲಿನ ಮೇಲೆ ಜೇಡರ ಬಲೆಯಂಥ ಬೂದು ಬೂಸು. ಮೆಲ್ಲಗೆ ಕೆರೆದು ಗಾಳಿಯಾಡಲು ಬಿಟ್ಟೆ. ಬಿಸಿಲು ಬೀಳುವ ಕಡೆ ಚಿಗುರಿತು. ಬೇಲಿಯ ನೆರಳಲ್ಲಿ ಮಾತ್ರ ಇನ್ನೂ ಬರೀ ಮಣ್ಣು.

ಆಗಸ್ಟ್ ಮಧ್ಯದಲ್ಲಿ ಏರೇಟರ್ (ಮಣ್ಣಿಗೆ ತೂತು ಹೊಡೆಯುವ ಯಂತ್ರ) ಬಾಡಿಗೆಗೆ ತಂದು ತೂತು ಹೊಡೆಸಿ, ಮೇಲೆ ತೆಳ್ಳಗೆ ಕಾಂಪೋಸ್ಟ್ ಹರಡಿ ಬೀಜ ಹಾಕೋಣ ಅಂತಿದ್ದೇನೆ. ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಕಳೆಯ ಕಾಟವೂ ಕಡಿಮೆ. ಕೆಂಟಕಿ ಬ್ಲೂಗ್ರಾಸ್ ಅನ್ನೋ ಲಾನ್ ಹುಲ್ಲಿಗೆ ಬಿಸಿಲು ಬೇಕು, ಮೊಳಕೆಗೇ ಎರಡು ಮೂರು ವಾರ ಹಿಡಿಯುತ್ತದೆ. ನೆರಳಿನ ಜಾಗಕ್ಕೆ ಕ್ರೀಪಿಂಗ್ ರೆಡ್ ಫೆಸ್ಕ್ಯೂ ಹುಲ್ಲು ಹಾಕಿದವರು ಇದ್ದೀರಾ? ಮಕ್ಕಳು ಓಡಾಡಿದರೆ ತಡೆಯುತ್ತದಾ?

ಪಕ್ಕದ ಮನೆಯವರು ಮರಳು ಬೆರೆಸಿ ಅಂತಾರೆ. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಇನ್ನೂ ಗಟ್ಟಿಯಾಗುತ್ತದೆ ಅನ್ನೋ ಭಯ ನನಗೆ. ಯಾರಾದರೂ ಮಾಡಿ ನೋಡಿದ್ದರೆ ಹೇಳಿ. ನಿಮ್ಮ ಲಾನ್ ಫೋಟೋ ಹಾಕಿದರೆ ತುಂಬಾ ಉಪಕಾರ.