ಬೂಟಿಗೆ ಸ್ಮಾರಕ, ಹೆಸರಿಗೆ ಜಾಗವಿಲ್ಲ: ಬೆನೆಡಿಕ್ಟ್ ಆರ್ನಾಲ್ಡ್ ದ್ರೋಹಿಯಾದದ್ದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ)

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಕೋವಿಗಳಿಗೆ ತೋಕ್‌ಪೂ ಹೂವು ಸಿಕ್ಕಿಸಿ, ಪೂಜೆ ಮುಗಿಸಿ ಕುಳಿತಿದ್ದಾಗ ಎನ್‌ಸಿಸಿಯಲ್ಲಿರುವ ನನ್ನ ಅಣ್ಣನ ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅಮೆರಿಕನ್ನರು ಬ್ರಿಟಿಷರ ವಿರುದ್ಧ ನಡೆಸಿದ ಸ್ವಾತಂತ್ರ್ಯ ಸಮರದ ಸರಟೋಗಾ ಯುದ್ಧಭೂಮಿಯಲ್ಲಿ 1887ರಲ್ಲಿ ನಿಲ್ಲಿಸಿದ ಕಲ್ಲು ಅದು. ಅದರ ಮೇಲೆ ಒಂದು ಬೂಟನ್ನು ಕೆತ್ತಿದ್ದಾರೆ, ಗಾಯಗೊಂಡ ಯೋಧನ ಪರಾಕ್ರಮವನ್ನೂ ಹೊಗಳಿದ್ದಾರೆ, ಆದರೆ ಅವನ ಹೆಸರನ್ನು ಮಾತ್ರ ಬರೆದಿಲ್ಲ. ದೇಶಕ್ಕಾಗಿ ಒಂದೇ ಕಾಲಿಗೆ ಎರಡು ಸಲ ಪೆಟ್ಟು ತಿಂದವನು ಮೂರೇ ವರ್ಷಗಳಲ್ಲಿ ಕೋಟೆಯನ್ನು ಶತ್ರುವಿಗೆ ಮಾರಲು ಹೊರಟದ್ದು ಹೇಗೆ ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸೋಮವಾರಪೇಟೆ, ನಿವೃತ್ತ ಸುಬೇದಾರ್)

ಆರ್ನಾಲ್ಡ್ ಮೂಲತಃ ಔಷಧ ವ್ಯಾಪಾರಿ. 1775ರಲ್ಲಿ ಮೇನ್ ಪ್ರಾಂತದ ಕಾಡಿನೊಳಗಿಂದ ಸುಮಾರು 1,100 ಜನರನ್ನು ಕ್ವಿಬೆಕ್ ಕಡೆಗೆ ನಡೆಸಿದವನು. ದಾರಿಯಲ್ಲಿ ಅವರು ಹಸಿವಿಗೆ ತಮ್ಮ ನಾಯಿಗಳನ್ನೂ ತಿಂದರು. ಆ ವರ್ಷದ ಕೊನೆಯ ದಿನ ನಡೆದ ದಾಳಿಯಲ್ಲಿ ಅವನ ಎಡಗಾಲಿಗೆ ಗುಂಡು ಬಿತ್ತು. ಇಷ್ಟಾದರೂ 1777ರ ಫೆಬ್ರವರಿಯಲ್ಲಿ ಅಮೆರಿಕದ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಅವನಿಗಿಂತ ಕಿರಿಯರಾದ ಐವರನ್ನು ಮೇಜರ್ ಜನರಲ್ ಮಾಡಿತು. ಅದೇ ಅಕ್ಟೋಬರ್ 7ರಂದು ಸರಟೋಗಾದಲ್ಲಿ, ಮೇಲಧಿಕಾರಿ ಜನರಲ್ ಗೇಟ್ಸ್ ಅಧಿಕಾರ ಕಿತ್ತುಕೊಂಡಿದ್ದರೂ, ಅವನು ಕುದುರೆಯೇರಿ ಮುನ್ನುಗ್ಗಿದ. ಮತ್ತೆ ಅದೇ ಕಾಲು ಮುರಿಯಿತು, ಗೆಲುವಿನ ಕೀರ್ತಿ ಗೇಟ್ಸ್‌ಗೆ ಹೋಯಿತು.

ಸೂಪರ್‌ಸೀಡ್ ಆಗುವ ನೋವು ನಮ್ಮಂಥವರಿಗೆ ಹೊಸದಲ್ಲ. ನಮ್ಮ ಯೂನಿಟ್ಟಿನ ಅಧಿಕಾರಿಯೊಬ್ಬರು ಬಡ್ತಿಯ ಪಟ್ಟಿಯನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಸಂಜೆಯ ರೋಲ್‌ಕಾಲ್‌ಗೆ ಎಂದಿನಂತೆ ಬಂದರು. ಮರುವರ್ಷ ಪೇಪರ್ ಹಾಕಿ ಕಾಫಿ ತೋಟಕ್ಕೆ ಮರಳಿದರು. ಆದುದರಿಂದ ಆರ್ನಾಲ್ಡ್‌ಗೆ ಅನ್ಯಾಯವಾದದ್ದು ನಿಜವೆಂದು ಒಪ್ಪುತ್ತೇನೆ. ಅದೇ ಕಾರಣವೆಂದು ಒಪ್ಪಲಾರೆ.

ಉತ್ತರ 2 (ಮಡಿಕೇರಿ, ಇತಿಹಾಸ ಅಧ್ಯಾಪಕಿ)

ಸುಬೇದಾರರ ಮಾತಿಗೆ ಇಸವಿಗಳೇ ಸಾಕ್ಷಿ ನುಡಿಯುತ್ತವೆ. ಕೋರ್ಟ್‌ಮಾರ್ಷಲ್ ಮತ್ತು ಅಮೆರಿಕದ ಸೇನಾಪತಿ ವಾಷಿಂಗ್‌ಟನ್‌ರ ಛೀಮಾರಿಯಿಂದ ನೊಂದು ಅವನು ದ್ರೋಹಿಯಾದನೆಂದು ಹಲವರು ಹೇಳುವುದುಂಟು. ಆದರೆ ತೀರ್ಪೂ ಛೀಮಾರಿಯೂ 1780ರವು, ಬ್ರಿಟಿಷ್ ಮೇಜರ್ ಜಾನ್ ಆಂಡ್ರೆಯೊಡನೆ ಗುಪ್ತ ಪತ್ರವ್ಯವಹಾರ ಆರಂಭವಾದದ್ದು 1779ರ ಮೇ ತಿಂಗಳಲ್ಲಿ. ಫಿಲಡೆಲ್ಫಿಯಾದಲ್ಲಿ ಸೇನಾ ಗವರ್ನರನಾಗಿ ಮೈತುಂಬ ಸಾಲ ಮಾಡಿಕೊಂಡಿದ್ದ ಅವನು ಅದರ ಹಿಂದಿನ ತಿಂಗಳಷ್ಟೇ, ಆಂಡ್ರೆಯ ಪರಿಚಯವಿದ್ದ ಪೆಗ್ಗಿ ಶಿಪ್ಪೆನ್‌ಳನ್ನು ಮದುವೆಯಾಗಿದ್ದ.

ಮುಂದಿನದು ಸಂತೆಯ ಚೌಕಾಸಿಯಂತಿದೆ. ಹಡ್ಸನ್ ನದಿಯ ಮೇಲಿನ ವೆಸ್ಟ್ ಪಾಯಿಂಟ್ ಕೋಟೆಗೆ ಅವನು ಕೇಳಿದ ಬೆಲೆ 20,000 ಪೌಂಡ್. 1780ರ ಸೆಪ್ಟೆಂಬರ್ 23ರಂದು ಟ್ಯಾರಿಟೌನ್ ಬಳಿ ಮೂವರು ಕಾವಲಿನವರು ಆಂಡ್ರೆಯನ್ನು ತಡೆದು ಬೂಟು ಕಳಚಿಸಿದಾಗ, ಕಾಲುಚೀಲದೊಳಗೆ ಕೋಟೆಯ ವಿವರಗಳು ಸಿಕ್ಕವು. ಒಳಸಂಚು ಅರಿಯದ ಅಧಿಕಾರಿಯೊಬ್ಬ ಈ ಸುದ್ದಿಯನ್ನು ಸ್ವತಃ ಆರ್ನಾಲ್ಡ್‌ಗೇ ಬರೆದು ಕಳುಹಿಸಿದ! ವಾಷಿಂಗ್‌ಟನ್‌ರ ಬರವನ್ನು ಕಾಯುತ್ತ ಬೆಳಗಿನ ಉಪಾಹಾರಕ್ಕೆ ಕುಳಿತಿದ್ದವನು ಎದ್ದು, ದೋಣಿಯಲ್ಲಿ ಬ್ರಿಟಿಷರ ‘ವಲ್ಚರ್’ ಹಡಗು ಸೇರಿದ. ಅಕ್ಟೋಬರ್ 2ರಂದು ಆಂಡ್ರೆ ಗಲ್ಲಿಗೇರಿದ. ಕೋಟೆ ಕೈಗೆ ಬಾರದಿದ್ದರೂ ಆರ್ನಾಲ್ಡ್‌ಗೆ ಬ್ರಿಟಿಷರಿಂದ ಬ್ರಿಗೇಡಿಯರ್ ಪದವಿಯೂ ಆರು ಸಾವಿರ ಪೌಂಡ್‌ಗಿಂತ ತುಸು ಹೆಚ್ಚು ಹಣವೂ ದಕ್ಕಿದವು.

ಉತ್ತರ 3 (ಗೋಣಿಕೊಪ್ಪಲು)

ನಮ್ಮ ಕಡೆಯ ಒಂದು ಎಳೆಯನ್ನೂ ಸೇರಿಸುತ್ತೇನೆ. 1781ರ ಮೇ ತಿಂಗಳಲ್ಲಿ ವರ್ಜೀನಿಯಾದಲ್ಲಿ ಆರ್ನಾಲ್ಡ್‌ನ ಪಡೆಯನ್ನು ವಹಿಸಿಕೊಂಡವನು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ, ನಮ್ಮ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕೈಜೋಡಿಸಿದ್ದ ಅದೇ ಕಾರ್ನ್‌ವಾಲಿಸ್. ಆರ್ನಾಲ್ಡ್ 1781ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂ ಲಂಡನ್ ಪಟ್ಟಣವನ್ನು ಸುಡಿಸಿದ. ಅವನು ಹುಟ್ಟಿದ ನಾರ್ವಿಚ್ ಅಲ್ಲಿಗೆ ಬಹಳ ದೂರವೇನಲ್ಲ. ಅವನ ಕೆಲಸಗಳಲ್ಲಿ ನನಗೆ ಅತ್ಯಂತ ಹೇಯವೆನಿಸುವುದು ಇದೇ. 1801ರಲ್ಲಿ ಲಂಡನ್‌ನಲ್ಲಿ ಸತ್ತ. ಸರಟೋಗಾದ ದೊಡ್ಡ ಸ್ಮಾರಕದ ನಾಲ್ಕು ಗೂಡುಗಳಲ್ಲಿ ಮೂರರಲ್ಲಿ ಪ್ರತಿಮೆಗಳಿವೆ. ಅವನಿಗೆ ಸಲ್ಲಬೇಕಿದ್ದ ಗೂಡು ಬರಿದಾಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಗಳಿಗೆ ಓದಿ ಹೇಳಿದೆ. ಮಾರಿದವನು ಮುದಿಯಾಗಿ ಹಾಸಿಗೆಯಲ್ಲಿ ಸತ್ತ, ಪತ್ರ ಹೊತ್ತವನು ಯಾಕೆ ಗಲ್ಲಿಗೇರಬೇಕಿತ್ತು ಎಂದು ಈಗ ಕೇಳುತ್ತಿದ್ದಾಳೆ. ಸಮವಸ್ತ್ರ ಕಳಚಿ ಸಾದಾ ಉಡುಪಿನಲ್ಲಿ ಶತ್ರುವಿನ ಸಾಲಿನೊಳಗೆ ಸಿಕ್ಕವನು ಗೂಢಚಾರನೆನಿಸುತ್ತಾನೆಂದು ಹೇಳಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.