ವಾಚ್ ಬದಲಾಯಿಸುವ ಮುಂಚೆ ಹಳೆಯ ವರ್ಕೌಟ್‌ಗಳ ಪೂರ್ತಿ ಬ್ಯಾಕಪ್: ಜಿಪಿಎಕ್ಸ್ ಸಾಕಾ?

ಬೆಳಗಿನಓಟ

ಈಗಿರೋದು ಗಾರ್ಮಿನ್ ವಾಚ್. ಅದರಿಂದ ವರ್ಕೌಟ್‌ಗಳು ತಾವಾಗಿಯೇ ಸ್ಟ್ರಾವಾಗೆ (ವರ್ಕೌಟ್ ಹಂಚಿಕೊಳ್ಳುವ ಆ್ಯಪ್) ಹೋಗುತ್ತವೆ. ಬೇರೆ ಕಂಪನಿಯ ವಾಚಿಗೆ ಹೋಗುವ ಮುಂಚೆ ವರ್ಷಗಟ್ಟಲೆಯ ಡೇಟಾ ಎಲ್ಲ ನನ್ನ ಕಂಪ್ಯೂಟರಿನಲ್ಲೇ ಇರಬೇಕು. ಪರೀಕ್ಷೆಗೆ ಕೆಲವನ್ನು ಜಿಪಿಎಕ್ಸ್ ಎಂಬ ಫೈಲ್ ರೂಪದಲ್ಲಿ ಇಳಿಸಿ ನೋಡಿದೆ. ಹೊರಗೆ ಓಡಿದ್ದು ನಕ್ಷೆಯಲ್ಲಿ ಸರಿಯಾಗಿ ಬರುತ್ತೆ, ಆದರೆ ಲ್ಯಾಪ್‌ಗಳು ಕಾಣೆ. ಟ್ರೆಡ್‌ಮಿಲ್ ಓಟದ ಫೈಲಿನಲ್ಲಂತೂ ಏನೂ ಇಲ್ಲ. ಒಂದೊಂದಾಗಿ ಇಳಿಸುತ್ತಾ ಕೂರುವುದೂ ಆಗದ ಮಾತು.

ಯಾವ ಫಾರ್ಮ್ಯಾಟ್ ಇಟ್ಟುಕೊಳ್ಳಬೇಕು? ಒಟ್ಟಿಗೆ ಇಳಿಸುವ ದಾರಿ ಯಾವುದು? ಬಂದಿರೋದು ಪೂರ್ತಿ ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಮನೆಯಲ್ಲಿ ಒಂದು ಫಿಟ್‌ಬಿಟ್, ಒಂದು ಆಪಲ್ ವಾಚ್ ಕೂಡ ಇವೆ. ಅವುಗಳ ಬಗ್ಗೆಯೂ ಗೊತ್ತಿದ್ದವರು ಹೇಳಿ.

ಕಡತಪೆಟ್ಟಿಗೆ

ಫಿಟ್ ಫೈಲ್ ಇಟ್ಟುಕೊಳ್ಳಿ, ಅಂದರೆ ವಾಚ್ ತಾನೇ ಬರೆದ ಮೂಲ ಫೈಲ್. ಉಳಿದವೆಲ್ಲ ಅದರಿಂದ ತೆಗೆದ ನಕಲು, ಪ್ರತಿ ನಕಲಿನಲ್ಲೂ ಏನಾದರೊಂದು ಬಿಟ್ಟುಹೋಗುತ್ತೆ.

ನಿಮ್ಮ ಟ್ರೆಡ್‌ಮಿಲ್ ಫೈಲ್ ಖಾಲಿ ಬಂದದ್ದಕ್ಕೆ ಕಾರಣ ಜಿಪಿಎಕ್ಸ್‌ನ ರಚನೆಯಲ್ಲೇ ಇದೆ. ಅದು ದಾರಿಯನ್ನು ದಾಖಲಿಸಲು ಮಾಡಿದ ಫಾರ್ಮ್ಯಾಟ್. ಅದರಲ್ಲಿ ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ ಕಡ್ಡಾಯ. ಜಿಪಿಎಸ್ ಇಲ್ಲ ಅಂದರೆ ಬಿಂದು ಇಲ್ಲ, ಬಿಂದು ಇಲ್ಲ ಅಂದರೆ ಎದೆಬಡಿತ ಬರೆಯೋಕೂ ಜಾಗ ಇಲ್ಲ. ಜಿಪಿಎಸ್ ಇದ್ದಾಗಲೂ ಎದೆಬಡಿತ, ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ) ಎಲ್ಲ ‘ಎಕ್ಸ್‌ಟೆನ್ಶನ್’ ಅನ್ನೋ ಹೆಚ್ಚುವರಿ ಭಾಗದಲ್ಲಿ ಕೂರುತ್ತವೆ, ಕೆಲವು ಸಾಫ್ಟ್‌ವೇರ್ ಅದನ್ನು ಓದುವುದೇ ಇಲ್ಲ. ಲ್ಯಾಪ್ ಎನ್ನುವ ಕಲ್ಪನೆಯೇ ಅದರಲ್ಲಿಲ್ಲ.

ಟಿಸಿಎಕ್ಸ್ ಎಂಬ ಇನ್ನೊಂದು ಫಾರ್ಮ್ಯಾಟ್ ಇದಕ್ಕಿಂತ ವಾಸಿ. ಲ್ಯಾಪ್, ಕ್ಯಾಲೊರಿ, ಎದೆಬಡಿತ ಇರುತ್ತವೆ, ಜಿಪಿಎಸ್ ಇಲ್ಲದಿದ್ದರೂ ನಡೆಯುತ್ತೆ. ಆದರೆ ಅದರಲ್ಲಿ ಕ್ರೀಡೆ ಅಂದರೆ ಮೂರೇ: ರನ್ನಿಂಗ್, ಬೈಕಿಂಗ್, ಅದರ್. ಈಜು, ವೇಟ್ ಟ್ರೇನಿಂಗ್, ಯೋಗ ಎಲ್ಲವೂ ‘ಅದರ್’ ಆಗಿ ಹೋಗುತ್ತವೆ.

ಫಿಟ್‌ನಿಂದ ಜಿಪಿಎಕ್ಸ್ ಯಾವಾಗ ಬೇಕಾದರೂ ತೆಗೆಯಬಹುದು, ಜಿಪಿಎಸ್‌ಬೇಬಲ್ ಎಂಬ ಪರಿವರ್ತಕ ಸಾಫ್ಟ್‌ವೇರ್ ಸಾಕು. ಜಿಪಿಎಕ್ಸ್‌ನಿಂದ ಫಿಟ್ ಮಾಡಿದರೆ ಹೆಸರು ಮಾತ್ರ ಫಿಟ್, ಕಳೆದದ್ದು ವಾಪಸ್ ಬರಲ್ಲ. ಜಾಗದ ಚಿಂತೆಯೂ ಬೇಡ. ಫಿಟ್ ಬೈನರಿ ಆದ್ದರಿಂದ ಅದೇ ವರ್ಕೌಟಿನ ಜಿಪಿಎಕ್ಸ್‌ಗಿಂತ ತುಂಬಾ ಚಿಕ್ಕದು.

ಮುಂದೆ ನೀವೇ ಸ್ಕ್ರಿಪ್ಟ್ ಬರೆದು ಓದುವುದಾದರೆ ಎರಡು ವಿಷಯ ತಿಳಿದಿರಲಿ. ಫಿಟ್‌ನಲ್ಲಿ ಸಮಯವನ್ನು 1989ರ ಡಿಸೆಂಬರ್ 31ರ ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತಾರೆ. ಯುನಿಕ್ಸ್ ಸಮಯ (1970ರ ಶುರುವಿನಿಂದ ಎಣಿಸುವ ಸೆಕೆಂಡುಗಳು) ಬೇಕಾದರೆ 631065600 ಕೂಡಿಸಿ. ವರ್ಕೌಟ್‌ಗಳು 20 ವರ್ಷ ಹಿಂದಿನವು ಅಂತ ಕಾಣಿಸಿದರೆ ಈ ಕೂಡಿಸುವಿಕೆ ಬಿಟ್ಟುಹೋಗಿದೆ ಅಂತಲೇ ಅರ್ಥ. ಎರಡನೆಯದು, ಸ್ಥಳ ಡಿಗ್ರಿಯಲ್ಲಿ ಇರಲ್ಲ, ‘ಸೆಮಿಸರ್ಕಲ್’ ಎಂಬ ಮಾನದಲ್ಲಿ ಇರುತ್ತೆ. 180ರಿಂದ ಗುಣಿಸಿ 2147483648ರಿಂದ ಭಾಗಿಸಬೇಕು. 536870912 ಅಂತಿದ್ದರೆ ಸರಿಯಾಗಿ 45 ಡಿಗ್ರಿ. ಪೈಥಾನ್‌ನ ಫಿಟ್‌ಡಿಕೋಡ್ ಲೈಬ್ರರಿ ಸಮಯವನ್ನು ತಾನೇ ಸರಿಮಾಡಿ ಕೊಡುತ್ತೆ, ಸ್ಥಳದ ಲೆಕ್ಕವನ್ನು ಮಾತ್ರ ನೀವೇ ನೋಡಿಕೊಳ್ಳಿ.

ಗಾಲಿಲೆಕ್ಕ

ಒಟ್ಟಿಗೆ ಇಳಿಸುವ ಬಗ್ಗೆ ನಾನು ಹೇಳ್ತೀನಿ.

ಗಾರ್ಮಿನ್: ಖಾತೆಯ ಡೇಟಾ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ‘ಎಕ್ಸ್‌ಪೋರ್ಟ್ ಯುವರ್ ಡೇಟಾ’ ಕೋರಿಕೆ ಹಾಕಿ. ತಕ್ಷಣ ಸಿಗಲ್ಲ, ಸಿದ್ಧವಾದ ಮೇಲೆ ಇಮೇಲ್‌ನಲ್ಲಿ ಲಿಂಕ್ ಬರುತ್ತೆ. ಜಿಪ್ ಬಿಚ್ಚಿದರೆ ‘ಡಿಐ ಕನೆಕ್ಟ್’ ಫೋಲ್ಡರ್, ಅದರೊಳಗೆ ‘ಅಪ್‌ಲೋಡೆಡ್ ಫೈಲ್ಸ್’, ಅದರೊಳಗೆ ಮತ್ತೆ ಜಿಪ್‌ಗಳು. ಆ ಒಳಗಿನ ಜಿಪ್‌ಗಳಲ್ಲೇ ಫಿಟ್ ಫೈಲ್‌ಗಳು ಇರೋದು. ತುಂಬಾ ಜನ ಹೊರಗಿನದನ್ನಷ್ಟೇ ಬಿಚ್ಚಿ ‘ಬರೀ ಜೇಸನ್ (ಪಠ್ಯರೂಪದ ಡೇಟಾ ಫೈಲ್) ಇದೆ’ ಅಂತ ಬಿಟ್ಟುಬಿಡ್ತಾರೆ.

ಫೈಲ್‌ಗಳ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ದಿನವಿಡೀ ಹೆಜ್ಜೆ, ಎದೆಬಡಿತ ದಾಖಲಿಸಿದ ಮಾನಿಟರಿಂಗ್ ಫೈಲ್‌ಗಳೂ ಅದೇ ರಾಶಿಯಲ್ಲಿ ಬೆರೆತಿರುತ್ತವೆ. ಹೆಸರಿನಿಂದ ಬೇರ್ಪಡಿಸಲು ಆಗಲ್ಲ. ಪ್ರತಿ ಫೈಲಿನ ಶುರುವಿನಲ್ಲಿ ‘ಫೈಲ್ ಐಡಿ’ ಎಂಬ ಸಂದೇಶ ಇರುತ್ತೆ, ಅದರಲ್ಲಿ ಟೈಪ್ 4 ಇದ್ದರೆ ವರ್ಕೌಟ್, 32 ಇದ್ದರೆ ಮಾನಿಟರಿಂಗ್. ಇನ್ನೊಂದು, ಈ ಫೈಲ್ ಹೆಸರುಗಳಲ್ಲಿ ನಿಮ್ಮ ಇಮೇಲ್ ವಿಳಾಸವೇ ಸೇರಿರುತ್ತೆ. ಯಾರಿಗಾದರೂ ಕಳಿಸುವ ಮುಂಚೆ ಹೆಸರು ಬದಲಾಯಿಸಿ.

ಫಿಟ್ ಒಳಗೆ ಸಿಗದ ಒಂದು ಸಂಗತಿ: ವರ್ಕೌಟಿಗೆ ಆಮೇಲೆ ನೀವು ಕೊಟ್ಟ ಹೆಸರು, ತಿದ್ದಿದ ಕ್ರೀಡೆ. ಅವು ವಾಚಿನಲ್ಲಿ ಬರೆದವಲ್ಲ, ಸರ್ವರಿನಲ್ಲಿ ಬರೆದವು. ಅದಕ್ಕೆ ‘ಸಮ್ಮರೈಸ್ಡ್ ಆಕ್ಟಿವಿಟೀಸ್’ ಜೇಸನ್ ಫೈಲನ್ನೂ ಜೊತೆಗೇ ಇಡಿ. ಅದರಲ್ಲಿ ದೂರ ಸೆಂಟಿಮೀಟರ್, ಅವಧಿ ಮಿಲಿಸೆಕೆಂಡ್. 10 ಕಿ.ಮೀ. ಓಟ 1000000 ಅಂತ ಕಾಣುತ್ತೆ, ಅದು ತಪ್ಪಲ್ಲ.

ಸ್ಟ್ರಾವಾ: ಸೆಟ್ಟಿಂಗ್ಸ್, ಮೈ ಅಕೌಂಟ್, ಕೆಳಗಡೆ ‘ಡೌನ್‌ಲೋಡ್ ಆರ್ ಡಿಲೀಟ್ ಯುವರ್ ಅಕೌಂಟ್’. ಖಾತೆ ಅಳಿಸುವ ಗುಂಡಿಯೂ ಅದೇ ಪುಟದಲ್ಲಿ ಇದೆ, ‘ರಿಕ್ವೆಸ್ಟ್ ಯುವರ್ ಆರ್ಕೈವ್’ ಒತ್ತಿ ಅಲ್ಲಿಗೇ ನಿಲ್ಲಿಸಿ. ಬರುವ ಜಿಪ್‌ನಲ್ಲಿ ಆಕ್ಟಿವಿಟೀಸ್ ಹೆಸರಿನ ಒಂದು ಸಿಎಸ್‌ವಿ ಪಟ್ಟಿ (ಎಕ್ಸೆಲ್‌ನಲ್ಲಿ ತೆರೆಯುವ ಕೋಷ್ಟಕ), ಅದೇ ಹೆಸರಿನ ಒಂದು ಫೋಲ್ಡರ್. ಗಾರ್ಮಿನ್‌ನಿಂದ ಹೋದವು ಫಿಟ್ ಆಗಿಯೇ ಇರುತ್ತವೆ, ಮೇಲೊಂದು ಜೀಜಿಪ್ ಹೊದಿಕೆ. 7-ಜಿಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಒಂದೇ ಸಲ ಬಿಚ್ಚಬಹುದು.

ಇಲ್ಲಿ ಎಡವುವ ಕಡೆಗಳು ಮೂರು. ಸಿಎಸ್‌ವಿಯಲ್ಲಿ ‘ಡಿಸ್ಟೆನ್ಸ್’ ಹೆಸರಿನ ಕಾಲಂ ಎರಡಿವೆ, ಮೊದಲಿನದು ಕಿ.ಮೀ., ಎರಡನೆಯದು ಮೀಟರ್. ಸಮಯ ಯುಟಿಸಿಯಲ್ಲಿದೆ, ಆದ್ದರಿಂದ ಬೆಳಗ್ಗೆ 5ಕ್ಕೆ ಓಡಿದ್ದು ಹಿಂದಿನ ದಿನದ ರಾತ್ರಿ 11:30 ಅಂತ ಬಂದು ತಿಂಗಳ ಒಟ್ಟು ಲೆಕ್ಕವೇ ಏರುಪೇರಾಗಬಹುದು. ಇನ್ನು ಟಿಸಿಎಕ್ಸ್ ಫೈಲ್‌ಗಳ ಮೊದಲ ಸಾಲಿನಲ್ಲಿ ಎಕ್ಸ್‌ಎಂಎಲ್ ಘೋಷಣೆಗೆ ಮುಂಚೆ ಖಾಲಿ ಸ್ಪೇಸ್‌ಗಳು ಇರುತ್ತವೆ. ಎಕ್ಸ್‌ಎಂಎಲ್ ನಿಯಮದ ಪ್ರಕಾರ ಘೋಷಣೆ ಮೊಟ್ಟಮೊದಲ ಅಕ್ಷರದಿಂದಲೇ ಶುರುವಾಗಬೇಕು, ಹಾಗಾಗಿ ಬಹಳಷ್ಟು ಸಾಫ್ಟ್‌ವೇರ್ ‘ಫೈಲ್ ಹಾಳಾಗಿದೆ’ ಅನ್ನುತ್ತವೆ. ಹಾಳಾಗಿರಲ್ಲ. ಆ ಸ್ಪೇಸ್ ಅಳಿಸಿದರೆ ತೆರೆದುಕೊಳ್ಳುತ್ತೆ.

ಯುಎಸ್‌ಬಿಯಲ್ಲಿ ವಾಚನ್ನೇ ಜೋಡಿಸಿ ‘ಗಾರ್ಮಿನ್’ ಫೋಲ್ಡರಿನೊಳಗಿನ ‘ಆಕ್ಟಿವಿಟಿ’ಯಿಂದ ನಕಲು ಮಾಡುವ ದಾರಿಯೂ ಇದೆ. ವಾಚಿನ ಮೆಮೊರಿ ಚಿಕ್ಕದು, ಹಳೆಯವು ಅಳಿಸಿಹೋಗಿರುತ್ತವೆ, ಪೂರ್ತಿ ಬ್ಯಾಕಪ್‌ಗೆ ಇದು ಸಾಲದು. ಆದರೆ ಸಿಂಕ್ ಆಗದೆ ಸಿಕ್ಕಿಕೊಂಡ ವರ್ಕೌಟ್ ಉಳಿಸಿಕೊಳ್ಳಲು ಇದು ಒಳ್ಳೆಯ ದಾರಿ. ಕಾಪಿ ಮಾಡಿ, ಕಟ್ ಮಾಡಬೇಡಿ. ಹೊಸ ಮಾಡೆಲ್‌ಗಳು ಎಂಟಿಪಿ ಎಂಬ ಫೈಲ್ ವರ್ಗಾವಣೆ ವಿಧಾನ ಬಳಸುತ್ತವೆ, ಮ್ಯಾಕ್ ಅದನ್ನು ತಾನಾಗಿ ಓದಲ್ಲ, ಓಪನ್‌ಎಂಟಿಪಿಯಂಥ ಆ್ಯಪ್ ಹಾಕಿಕೊಳ್ಳಬೇಕು.

ನಾಡಿಮಿಡಿತ

ಫಿಟ್‌ಬಿಟ್‌ದು ಗೂಗಲ್ ಟೇಕ್‌ಔಟ್ ಮೂಲಕ. ಎಲ್ಲ ಟಿಕ್ ತೆಗೆದು ಫಿಟ್‌ಬಿಟ್ ಒಂದನ್ನೇ ಆರಿಸಿ, ಇಲ್ಲದಿದ್ದರೆ ಫೋಟೋ, ಮೇಲ್ ಎಲ್ಲ ಸೇರಿ ಬೆಟ್ಟದಷ್ಟಾಗುತ್ತೆ. ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತೆ. ವರ್ಕೌಟ್‌ಗಳು ‘ಎಕ್ಸರ್ಸೈಸ್-0’, ‘ಎಕ್ಸರ್ಸೈಸ್-100’ ಹೀಗೆ ಜೇಸನ್ ಫೈಲ್‌ಗಳಲ್ಲಿ ಬರುತ್ತವೆ, ಒಂದೊಂದರಲ್ಲಿ 100. ಎದೆಬಡಿತಕ್ಕೆ ದಿನಕ್ಕೊಂದು ಫೈಲ್. ದಿನಾಂಕ ತಿಂಗಳು/ದಿನ/ವರ್ಷ ಕ್ರಮದಲ್ಲಿ ಇರುತ್ತೆ, ವರ್ಷಕ್ಕೆ ಎರಡೇ ಅಂಕಿ. 03/04 ಅಂದರೆ ಮಾರ್ಚ್ 4. ಎದೆಬಡಿತದ ಸಮಯ ಯುಟಿಸಿ, ನಿದ್ದೆಯದು ಸ್ಥಳೀಯ ಸಮಯ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕುವ ಮುಂಚೆ ಸರಿಹೊಂದಿಸಿ.

ಆಪಲ್‌ದು ಬೇರೆ ಕಥೆ. ಹೆಲ್ತ್ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಕೆಳಗಿನ ತನಕ ಹೋದರೆ ‘ಎಕ್ಸ್‌ಪೋರ್ಟ್ ಆಲ್ ಹೆಲ್ತ್ ಡೇಟಾ’ ಸಿಗುತ್ತೆ. ಬರುವ ಜಿಪ್‌ನಲ್ಲಿ ಒಂದು ದೈತ್ಯ ಎಕ್ಸ್‌ಎಂಎಲ್, ಜೊತೆಗೆ ‘ವರ್ಕೌಟ್ ರೂಟ್ಸ್’ ಫೋಲ್ಡರಿನಲ್ಲಿ ಜಿಪಿಎಕ್ಸ್‌ಗಳು. ವರ್ಷಗಟ್ಟಲೆ ವಾಚ್ ಕಟ್ಟಿದವರದು ಜಿಬಿ ದಾಟುವುದೂ ಉಂಟು, ಎಕ್ಸೆಲ್‌ನಲ್ಲಾಗಲಿ ಬ್ರೌಸರಿನಲ್ಲಾಗಲಿ ತೆರೆಯಲು ಹೋಗಬೇಡಿ. ಪೈಥಾನ್‌ನ ಎಲಿಮೆಂಟ್‌ಟ್ರೀಯಲ್ಲಿ ‘ಇಟರ್‌ಪಾರ್ಸ್’ ಬಳಸಿ ಒಂದೊಂದೇ ದಾಖಲೆ ಓದಿ, ಓದಿದ್ದನ್ನು ಮೆಮೊರಿಯಿಂದ ಅಳಿಸುತ್ತಾ ಹೋಗಿ. ವರ್ಕೌಟಿನ ದಾಖಲೆಯೊಳಗೆ ಎದೆಬಡಿತದ ಸಾಲುಗಳು ಇರಲ್ಲ. ಅವು ಬೇರೆ ದಾಖಲೆಗಳಾಗಿ ಚದುರಿರುತ್ತವೆ, ಶುರು ಮತ್ತು ಕೊನೆಯ ಸಮಯ ನೋಡಿ ನೀವೇ ಜೋಡಿಸಬೇಕು.

ಮುಖ್ಯವಾದದ್ದು, ಈ ಜಿಪ್ ಅನ್ನು ಹೆಲ್ತ್ ಆ್ಯಪ್ ವಾಪಸ್ ತೆಗೆದುಕೊಳ್ಳಲ್ಲ. ಅದು ಓದಲಿಕ್ಕೆ ಮಾತ್ರ. ಕಂಪ್ಯೂಟರಿನಲ್ಲಿ ಮಾಡುವ ಬ್ಯಾಕಪ್ ಮೂಲಕ ಹೊಸ ಐಫೋನಿಗೆ ಡೇಟಾ ಹೋಗಬೇಕಾದರೆ ಆ ಬ್ಯಾಕಪ್‌ಗೆ ‘ಎನ್‌ಕ್ರಿಪ್ಟ್’ ಟಿಕ್ ಹಾಕಿರಬೇಕು. ಪಾಸ್‌ವರ್ಡ್ ಇಲ್ಲದ ಬ್ಯಾಕಪ್‌ನಲ್ಲಿ ಹೆಲ್ತ್ ಡೇಟಾ ಸೇರುವುದೇ ಇಲ್ಲ.

ಸ್ಯಾಮ್‌ಸಂಗ್ ಇರುವವರಿಗೆ: ಹೆಲ್ತ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡೌನ್‌ಲೋಡ್ ಪರ್ಸನಲ್ ಡೇಟಾ’. ಸಿಎಸ್‌ವಿಯ ಮೊದಲ ಸಾಲು ಬಿಟ್ಟು ಎರಡನೆಯದನ್ನು ಶೀರ್ಷಿಕೆ ಅಂತ ತೆಗೆದುಕೊಳ್ಳಿ. ಕ್ಷಣಕ್ಷಣದ ಅಂಕಿಗಳು ಪಕ್ಕದ ‘ಜೇಸನ್ಸ್’ ಫೋಲ್ಡರಿನಲ್ಲಿವೆ, ಅದನ್ನು ಅಳಿಸಿಬಿಡಬೇಡಿ. ಆ್ಯಪ್‌ಗಳ ನಡುವೆ ಆರೋಗ್ಯ ಡೇಟಾ ಹಂಚುವ ಆಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್ ಇದೆಯಲ್ಲ ಅಂತ ನಂಬಿ ಕೂರಬೇಡಿ. ಹೊಸ ಆ್ಯಪ್‌ಗೆ ಅನುಮತಿ ಕೊಟ್ಟಾಗ, ಹಳೆಯ ಡೇಟಾಕ್ಕೆ ಬೇರೆಯಾಗಿ ಒಪ್ಪಿಗೆ ಕೊಡದಿದ್ದರೆ, ಅದಕ್ಕೆ ಕಾಣೋದು ಹಿಂದಿನ 30 ದಿನಗಳದ್ದು ಮಾತ್ರ.

ಬೆಳಗಿನಓಟ

ತುಂಬಾ ಉಪಕಾರ ಆಯ್ತು. ಹಾಗಾದರೆ ಗಾರ್ಮಿನ್, ಸ್ಟ್ರಾವಾ ಎರಡಕ್ಕೂ ಕೋರಿಕೆ ಹಾಕ್ತೀನಿ. ಬಂದ ಮೇಲೆ ಪರಿಶೀಲನೆ ಹೇಗೆ? ಹೊಸ ಕಡೆ ಹಾಕುವಾಗ ಏನು ನೋಡಿಕೊಳ್ಳಬೇಕು?

ಕಡತಪೆಟ್ಟಿಗೆ

ಮೊದಲು ಎಣಿಕೆ. ಸ್ಟ್ರಾವಾ ಸಿಎಸ್‌ವಿಯ ಸಾಲುಗಳೆಷ್ಟು, ಫೋಲ್ಡರಿನ ಫೈಲ್‌ಗಳೆಷ್ಟು ಹೋಲಿಸಿ. ಕೈಯಾರೆ ಬರೆದು ಸೇರಿಸಿದ ವರ್ಕೌಟಿಗೆ ಫೈಲ್ ಇರಲ್ಲ, ಸಿಎಸ್‌ವಿಯ ‘ಫೈಲ್‌ನೇಮ್’ ಕಾಲಂ ಖಾಲಿ ಇರುತ್ತೆ. ಅವನ್ನು ಕಳೆದರೆ ಲೆಕ್ಕ ಕೂಡಬೇಕು. ಆಮೇಲೆ 0 ಬೈಟ್ ಫೈಲ್ ಇದೆಯಾ ನೋಡಿ. ಫಿಟ್‌ನ ಕೊನೆಯ 2 ಬೈಟ್ ಸಿಆರ್‌ಸಿ, ಅಂದರೆ ಇಡೀ ಫೈಲಿನ ತಾಳೆ ಸಂಖ್ಯೆ. ಅರ್ಧಕ್ಕೇ ತುಂಡಾದ ಡೌನ್‌ಲೋಡ್ ಅಲ್ಲೇ ಸಿಕ್ಕಿಬೀಳುತ್ತೆ. ಗಾರ್ಮಿನ್ ಉಚಿತವಾಗಿ ಕೊಡುವ ಫಿಟ್ ಎಸ್‌ಡಿಕೆಯಲ್ಲಿ (ಡೆವಲಪರ್ ಸಾಧನಗಳ ಕಟ್ಟು) ಫಿಟ್‌ಸಿಎಸ್‌ವಿಟೂಲ್ ಇದೆ, ಜಾವಾ ಇದ್ದರೆ ಓಡುತ್ತೆ, ಕೆಟ್ಟ ಫೈಲ್ ಕೊಟ್ಟರೆ ದೋಷ ತೋರಿಸುತ್ತೆ.

ಕೊನೆಗೆ ಒಂದು ಹೊರಗಿನ ಓಟ, ಒಂದು ಟ್ರೆಡ್‌ಮಿಲ್, ಇಂಟರ್ವಲ್ ಇದ್ದ ಒಂದು, ತೀರಾ ಹಳೆಯದೊಂದು ಆರಿಸಿ ಗೋಲ್ಡನ್‌ಚೀಟಾದಲ್ಲಿ ತೆರೆಯಿರಿ. ಅದು ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಉಚಿತ ಸಾಫ್ಟ್‌ವೇರ್. ತೆರೆದು ನೋಡದ ಬ್ಯಾಕಪ್ ಅನ್ನು ನಾನು ಬ್ಯಾಕಪ್ ಅಂತ ಒಪ್ಪಲ್ಲ.

ಬಂದ ಜಿಪ್‌ಗಳನ್ನು ಮುಟ್ಟದೆ ಒಂದು ಕಡೆ ಹಾಗೇ ಇಡಿ. ಹೆಸರು ಬದಲಿಸುವುದು, ವಿಂಗಡಿಸುವುದು ಎಲ್ಲ ನಕಲಿನ ಮೇಲೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ. ಕ್ಲೌಡಿಗೆ ಹಾಕುವುದನ್ನು 7-ಜಿಪ್‌ನ ಎಇಎಸ್-256 ಪಾಸ್‌ವರ್ಡ್ ಹಾಕಿ, ‘ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡು’ ಆಯ್ಕೆ ಕೊಟ್ಟು ಕಟ್ಟಿ. ಸ್ಟ್ರಾವಾದಲ್ಲಿ ಮನೆಯ ಸುತ್ತಮುತ್ತ ಮರೆಮಾಡಿದ್ದರೂ ಮೂಲ ಫೈಲಿನಲ್ಲಿ ನಿಮ್ಮ ಗೇಟಿನಿಂದಲೇ ದಾರಿ ಶುರುವಾಗಿರುತ್ತೆ.

ಗಾಲಿಲೆಕ್ಕ

ಹೊಸ ಕಡೆ ಹಾಕುವ ವಿಷಯ. ಸ್ಟ್ರಾವಾ ವೆಬ್‌ನಲ್ಲಿ ಒಮ್ಮೆಗೆ 25 ಫೈಲ್, ತಲಾ 25 ಎಂಬಿ ಮಿತಿ. ಅದೇ ಸಮಯದ ವರ್ಕೌಟ್ ಈಗಾಗಲೇ ಇದ್ದರೆ ಡೂಪ್ಲಿಕೇಟ್ ಅಂತ ತಿರಸ್ಕರಿಸುತ್ತೆ, ಅದು ಒಳ್ಳೆಯದೇ. ಬೇರೆ ಕಂಪನಿಯ ಆ್ಯಪ್‌ಗೆ ಹಾಕುವ ಮುಂಚೆ ಅಲ್ಲಿಂದ ಸ್ಟ್ರಾವಾಗೆ ಹೋಗುವ ಆಟೋ ಸಿಂಕ್ ನಿಲ್ಲಿಸಿ, ಇಲ್ಲದಿದ್ದರೆ ಹಳೆಯವೆಲ್ಲ ಮತ್ತೆ ಅಲ್ಲಿಗೆ ಹರಿಯಲು ಶುರುವಾಗಬಹುದು. ಮೊದಲು ನಾಲ್ಕೈದು ಫೈಲ್ ಹಾಕಿ ದಿನಾಂಕ, ಲ್ಯಾಪ್, ಎದೆಬಡಿತ ಸರಿ ಬಂತಾ ನೋಡಿ, ಆಮೇಲೆ ಉಳಿದವು. ವಿಒ2 ಮ್ಯಾಕ್ಸ್, ಟ್ರೇನಿಂಗ್ ಲೋಡ್, ರಿಕವರಿ ಇವೆಲ್ಲ ಆಯಾ ಕಂಪನಿಯ ಸ್ವಂತ ಲೆಕ್ಕ. ಅಂಥವು ಬೇಕಿದ್ದರೆ ಗಾರ್ಮಿನ್ ಜಿಪ್‌ನ ಜೇಸನ್‌ಗಳಲ್ಲೇ ಉಳಿಸಿಕೊಳ್ಳಿ, ಹೊಸ ವಾಚಿಗೆ ಹೋಗುತ್ತವೆ ಅಂತ ಕಾಯಬೇಡಿ.

ಹಳೆಯ ವಾಚನ್ನು ರೀಸೆಟ್ ಮಾಡೋದು, ಖಾತೆ ಮುಚ್ಚೋದು ಇದೆಲ್ಲ ಮುಗಿದ ಮೇಲೆ. ರೀಸೆಟ್‌ಗೆ ಮುಂಚೆ ಕೊನೆಯದಾಗಿ ಒಮ್ಮೆ ಸಿಂಕ್ ಮಾಡಿ, ಯುಎಸ್‌ಬಿಯಿಂದ ‘ಆಕ್ಟಿವಿಟಿ’ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಕೋರಿಕೆ ಹಾಕಿದ ದಿನಕ್ಕೂ ಆವತ್ತಿಗೂ ನಡುವೆ ಓಡಿದ್ದು ಆ ಜಿಪ್‌ನಲ್ಲಿ ಇರಲ್ಲ.